ಪಲ್ಲವಿ ಬಿಟ್ಟ ಜವಾಬು

ಬೆಳಗಿನ ಚಹಾ ಕಪ್ಪಿನ ಪಕ್ಕದಲ್ಲಿ ಪೇಪರು ಇರುತ್ತಿದ್ದ ಜಾಗಕ್ಕೆ ಈಗ ಮೊಬೈಲು ಬಂದು ಕುಳಿತಿದೆ; ನಿಮ್ಮ ಮನೆಯಲ್ಲೂ ಹಾಗೇ ಇರಬೇಕು. ರಾಯಚೂರಿನ ಬಿಸಿಲು ಏರುವ ಮುನ್ನವೇ ಅದರೊಳಗಿನ ವಾದಗಳು ಕಾದಿರುತ್ತವೆ. ವಾದವೆಂದರೆ ನನಗೂ ಪ್ರೀತಿಯೇ, ತವರಿನವರು ನನ್ನನ್ನು ಜಗಳಗಂಟಿ ಎಂದದ್ದು ಸುಳ್ಳಲ್ಲ. ಆದರೆ ಗೆಲ್ಲಲೆಂದೇ ಎದುರಿನವರ ಮಾತು ತಿರುಚುವ ಈ ಚಾಳಿಯನ್ನು ವಾದವೆನ್ನಲು ಮನಸ್ಸು ಒಪ್ಪುವುದಿಲ್ಲ.

ದೇವದುರ್ಗ ತಾಲೂಕಿನ ಜಾಲಹಳ್ಳಿ ನನ್ನ ತವರು. ಅಲ್ಲಿನ ಗುಡಿಯ ಭಜನೆಯಲ್ಲಿ ನನ್ನ ತಮ್ಮ ಬಸಣ್ಣನದು ಒಂದು ಮೇಳ. ಮಾನ್ವಿ ಕಡೆಯ ಬಾಗಲವಾಡದಿಂದ ಬರುವ ಅವನ ಜೀವದ ಗೆಳೆಯ ಶರಣಪ್ಪನದು ಎದುರು ಮೇಳ. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಹಿರಿಯರದೊಂದು ಕಟ್ಟಳೆಯಿದೆ: ಎದುರಿನವರ ಪಲ್ಲವಿಯನ್ನು ಅವರು ಹಾಡಿದಂತೆಯೇ ಒಮ್ಮೆ ಹಾಡಿ, ಅವರು ಹೌದೆಂದು ತಲೆಯಾಡಿಸಿದ ಮೇಲೆಯೇ ಜವಾಬಿಗೆ ಬಾಯಿ ತೆರೆಯಬೇಕು. "ಪಲ್ಲವಿ ಕೆಡಿಸಿದ್ಯೋ, ಮತ್ತೊಮ್ಮಿ ಹಾಡು!" ಎಂದು ಶರಣಪ್ಪ ರೇಗಿಸಿದರೆ ಕೂತವರೆಲ್ಲ ನಗುತ್ತಿದ್ದರು.

ಎರಡೂ ಮೇಳದವರು ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡರು. ಕಟ್ಟಳೆ ಮಾತ್ರ ಗುಡಿಯಲ್ಲೇ ಉಳಿಯಿತು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಮೈಕು ಬೇಡ, ಬರಿಬಾಯಲ್ಲಿ ಹಾಡೋಣ ಎಂದು ಶರಣಪ್ಪ ಬರೆದ. "ಅಂದ್ರ ನಿನಗ ಶಿವನಾಮ ಕೇಳಾಕ ಬ್ಯಾಸರೇನು?" ಎಂದು ಬಸಣ್ಣ ತಿರುಗಿಸಿದ. ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು. "ನಾ ಹಂಗ ಅಂದಿಲ್ಲೋ" ಎಂದು ಶರಣಪ್ಪ ಮತ್ತೆ ಮತ್ತೆ ಬರೆದರೂ ಯಾರೋ ಅವನನ್ನು ನಾಸ್ತಿಕನೆಂದರು. ಕೊನೆಗೆ ಅವನು ಗುಂಪು ಬಿಟ್ಟ, ಭಜನೆಗೂ ಬರಲಿಲ್ಲ.

"ಆತ ಹಂಗ ಅಂದಿಲ್ಲಂತ ನಿನಗ ಗೊತ್ತಿರಲಿಲ್ಲೇನೋ?" ಎಂದು ತಮ್ಮನನ್ನು ಫೋನಿನಲ್ಲಿ ಕೇಳಿದೆ.

"ಗೊತ್ತಿತ್ತು ಯಕ್ಕಾ. ಆತ ಅಂದಿದ್ದಕ್ಕ ನನ್ನ ಹತ್ತಿರ ಜವಾಬು ಇರಲಿಲ್ಲ."

ನೋಡಿ, ತಿಳಿಯದೆ ತಪ್ಪು ತಿಳಿದವನಿಗೆ ಸಮಾಧಾನವಾಗಿ ತಿಳಿಹೇಳಬಹುದು. ತಿಳಿದೂ ತಿಳಿಯದವನಂತೆ ನಟಿಸುವವನ ಮುಂದೆ ಮಾತಿಗೆ ನಿಲ್ಲಲು ನೆಲೆಯೇ ಇರುವುದಿಲ್ಲ. ಅಷ್ಟು ಒಳ್ಳೆಯ ಕಟ್ಟಳೆಯಲ್ಲಿ ಬೆಳೆದವರಿಗೇ ಹೀಗಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೊನ್ನೆ ಬಸಣ್ಣ ಕ್ಷಮೆ ಕೇಳಲು ಬಾಗಲವಾಡಕ್ಕೆ ಹೋದ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದ. ಶರಣಪ್ಪ ಬೈಯಲಿಲ್ಲ, ಚಾಪೆ ಹಾಸಿದ, ಚಹಾ ಕುಡಿಸಿದ, ಬಸ್ಸಿನವರೆಗೂ ಬಂದು ಕಳಿಸಿಕೊಟ್ಟ. ಇಷ್ಟೆಲ್ಲ ಮರ್ಯಾದೆ ಪಡೆದು ಬಂದವನು ಬಸ್ಸಿಳಿದ ಕೂಡಲೇ ನನಗೆ ಫೋನು ಮಾಡಿದ.

"ಸಣ್ಣಾಂವ ಇದ್ದಾಗಿಂದ 'ಲೇ ಬಸ್ಯಾ' ಅನ್ನಾಂವ, ಇವತ್ತು ನನಗ 'ಬರ್ರಿ, ಕುಂದರ್ರಿ' ಅಂದ ಯಕ್ಕಾ."