ನರಸಕ್ಕ ಕಾದ ಕೊನೆಯ ಕಂತು

ನರಸಕ್ಕ ಧಾರಾವಾಹಿ ನೋಡುತ್ತಿದ್ದದ್ದು ಟಿ.ವಿ.ಗೆ ಬೆನ್ನು ಹಾಕಿ. ಮೊಳಕಾಲ್ಮುರಿನ ನಮ್ಮ ಬೀದಿಯ ಆ ಮನೆಯಲ್ಲಿ ಮಗ್ಗ ಕಿಟಕಿಯ ಬೆಳಕಿಗೆ ಮುಖ ಮಾಡಿತ್ತು, ಟಿ.ವಿ. ಹಿಂದಿನ ಗೋಡೆಗಿತ್ತು. ರೇಷ್ಮೆ ಎಳೆಯಿಂದ ಕಣ್ಣು ತೆಗೆಯುವ ಹಾಗಿಲ್ಲವಲ್ಲ! ಅತ್ತೆ, ಸೊಸೆ, ಖಳನಾಯಕ ಎಲ್ಲರೂ ಅವಳಿಗೆ ಬರೀ ದನಿಗಳು. ನಾನು ಪಕ್ಕದಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಾ, "ಸೊಸೆ ಕೆಂಪು ಸೀರೆ ಉಟ್ಟವ್ಳೆ ನರಸಕ್ಕಾ" ಎಂದರೆ, "ಅಂಚು ಎಂಥದೈತೆ ಅದ್ನ ಹೇಳು" ಎನ್ನುವಳು. ಆದರೆ ಯಾರ ಅಳು ನಿಜ, ಯಾರದು ನಾಟಕ ಅನ್ನುವುದು ಕಣ್ಣು ಬಿಟ್ಟು ನೋಡುತ್ತಿದ್ದ ನಮಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

ಧಾರಾವಾಹಿಯಲ್ಲಿ ಜಗಳವಾದರೆ ಎಳೆ ಬಡಿದು ಕೂರಿಸುವ ಮಗ್ಗದ ಹಲಗೆಯ ಏಟು ಬಿಗಿಯಾಗುತ್ತಿತ್ತು, ಸೀರೆಯಲ್ಲಿ ಅಷ್ಟು ಜಾಗ ಗಟ್ಟಿಯಾಗಿ ಬರುತ್ತಿತ್ತು. ನೇಯಿಸುವ ಸಾಹುಕಾರರು ಅಲ್ಲಿ ಬೆರಳಾಡಿಸಿ, "ಇಲ್ಲಿ ಯಾರಿಗೆ ಬಡಿದಿದೀಯವ್ವಾ?" ಎಂದರೆ, "ಆ ಮೂದೇವಿ ಅತ್ತೆ ಸೊಸೇನ ಹೊರಗೆ ಹಾಕಿದ್ಲಲ್ರೀ!" ಎಂದು ಇನ್ನೊಮ್ಮೆ ರೇಗುವಳು. ಮನೆಮಾತು ತೆಲುಗಾದರೂ ಧಾರಾವಾಹಿಯವರನ್ನು ಬೈಯುವುದು ಕನ್ನಡದಲ್ಲೇ. ಅವರಿಗೆ ಅರ್ಥವಾಗಬೇಕಲ್ಲ, ಪಾಪ.

ಆಗ ಊರಿಗೆ ಊರೇ ನೋಡುತ್ತಿದ್ದದ್ದು ಒಂದು ಅಕ್ಕತಂಗಿಯರ ಕಥೆ. ಅಕ್ಕ ಶಾರದೆ ತಂಗಿಯ ಮೇಲೆ ಮುನಿದು ದೂರವಾದವಳು. ನರಸಕ್ಕನಿಗೆ ಅದರ ಹುಚ್ಚು ಹಿಡಿಯಲು ಕಾರಣವಿತ್ತು. ಹತ್ತಿರದ ಸಿದ್ದಾಪುರದಲ್ಲಿದ್ದ ಅವಳ ಸ್ವಂತ ತಂಗಿ ಓಬಕ್ಕ ತನ್ನ ಮಗಳ ಧಾರೆ ಸೀರೆಯನ್ನು ಆಂಧ್ರದ ಅಂಗಡಿಯಿಂದ ತಂದಿದ್ದಳು. ಅಕ್ಕ ಮಗ್ಗದಲ್ಲಿ ಕೂತಿರುವಾಗ ಅಂಗಡಿ ಸೀರೆ! ನೇಯುವವರ ಮನೆಯಲ್ಲಿ ಇದು ಸಣ್ಣ ಮಾತೇ? ನರಸಕ್ಕ ಮದುವೆಗೆ ಹೋಗಲಿಲ್ಲ, ಆಮೇಲೂ ಆ ಕಡೆ ತಲೆ ಹಾಕಲಿಲ್ಲ. ಹೋಗುವ ಆಸೆ ಹೊಟ್ಟೆಯೊಳಗೆ ಬೇಕಾದಷ್ಟಿತ್ತು, ಹಟ ಬಿಡಬೇಕಲ್ಲ! ಒಂದು ದಿನ ಲಾಳಿ ಹಿಡಿದೇ ಹೇಳಿಬಿಟ್ಟಳು: "ಶಾರದೆ ತಂಗಿ ಮನೇಗೆ ಹೋದ್ರೆ ನಾನೂ ಹೋಗ್ತೀನಿ ಕಣವ್ವ."

ಕೊನೆಯ ಕಂತು ಬಂತು. ಶಾರದೆ ತಂಗಿಯ ಬಾಗಿಲಿಗೆ ಬಂದಳು, ಕದ ತೆರೆಯಿತು, ಕರೆಂಟು ಹೋಯಿತು. ಅವತ್ತು ನಮ್ಮ ಬೀದಿ ಹಾಕಿದ ಶಾಪ ಯಾರಿಗೂ ಬೇಡ. ಚಳ್ಳಕೆರೆ ಸಂತೆಯಲ್ಲಿ ಕೇಳಿದರೆ ಒಬ್ಬರು ಒಳಗೆ ಹೋದಳು ಅಂದರು, ಇನ್ನೊಬ್ಬರು ಹೊಸಿಲಿಂದಲೇ ತಿರುಗಿದಳು ಅಂದರು. "ಮತ್ತೆ ಹಾಕ್ತಾರೆ ಬಿಡು, ನನ್ ಕಿವೀಲೇ ಕೇಳ್ತೀನಿ" ಎಂದು ನರಸಕ್ಕ ಕಾದಳು. ಹಳೆಯದೆಷ್ಟೋ ಮತ್ತೆ ಬಂದವು, ಅದೊಂದು ಬರಲಿಲ್ಲ. ಕೊನೆಗೆ ಆ ಚಾನೆಲ್ಲೇ ಮುಚ್ಚಿಹೋಯಿತು.

ಎಷ್ಟೋ ವರ್ಷಗಳ ಮೇಲೆ ನಾನು ಮೊಬೈಲಿನಲ್ಲಿ ಜಾಲಾಡಿದೆ. ಶುರುವಿನ ಹಾಡು ಸಿಕ್ಕಿತು, ಒಂದೆರಡು ಹರಕು ತುಣುಕು ಸಿಕ್ಕಿದವು, ಅಷ್ಟೇ. "ಅದಿನ್ನು ಎಲ್ಲೂ ಬರಲ್ಲ ನರಸಕ್ಕಾ" ಎಂದೆ. ಅವಳು ಮಗ್ಗ ನಿಲ್ಲಿಸಿದಳು. ಎದ್ದು ಸೆರಗು ಕೊಡವಿ, "ಓಬಿ ನೋಡಿರ್ತಾಳೆ. ಒಂದಿನಾನೂ ತಪ್ಪಿಸ್ದೋಳಲ್ಲ. ಕೇಳ್ಕೊಂಡು ಬರ್ತೀನಿ, ಅಷ್ಟೇ ಮತ್ತೆ" ಎಂದಳು. ನಗು ತಡೆದುಕೊಂಡು ಬಸ್ಸು ಹತ್ತಿಸಿದೆ. ಅಷ್ಟೇ ಎಂದು ಹೋದವಳು ವಾರ ಕಳೆದು ಬಂದಳು. ಬಂದವಳೇ, "ಒಳಗೆ ಹೋದ್ಲಂತೆ ಕಣವ್ವ ಶಾರದೆ! ಉಂಡ್ಲಂತೆ!" ಎಂದು ಬೀದಿಗೆಲ್ಲ ಸಾರಿದಳು. ಆಮೇಲೆ ಸಿದ್ದಾಪುರ ಅವಳಿಗೆ ಪಕ್ಕದ ಮನೆಯಾಯಿತು. ಹಬ್ಬಕ್ಕೂ ಅಲ್ಲಿ, ಬೇಸರಕ್ಕೂ ಅಲ್ಲಿ.

ಈಚೆಗೆ ನರಸಕ್ಕ ತೀರಿಕೊಂಡಳು. ತಿಥಿಯ ದಿನ ಓಬಕ್ಕ ಖಾಲಿ ಮಗ್ಗದ ಪಕ್ಕ ಕೂತು ಅಳುತ್ತಿದ್ದಳು. ಏನು ಹೇಳಿ ಸಮಾಧಾನ ಮಾಡಲಿ? ಬಾಯಿಗೆ ಬಂದದ್ದು ಅದೇ.

"ಆ ಕೊನೇ ಕಂತು ನೀನಾದ್ರೂ ನೋಡಿದ್ಯಲ್ಲ ಓಬಕ್ಕಾ. ಅವಳಿಗೆಷ್ಟು ಖುಷಿಯಾಗಿತ್ತು ಗೊತ್ತಾ?"

ಓಬಕ್ಕ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ನಾನೆಲ್ಲಿ ನೋಡ್ದೆ ತಾಯಿ? ಅವತ್ತು ನಮ್ಮೂರಾಗೂ ಕರೆಂಟಿರ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಅಕ್ಕ ಬಂದು ಹೊಸಿಲಾಚೆ ನಿಂತ್ಕೊಂಡ್ಲು. ಕೈಯಾಗಿನ ಚೀಲಾನೂ ಕೆಳಗಿಡ್ಲಿಲ್ಲ. 'ಶಾರದೆ ಒಳಗೆ ಹೋದ್ಲಾ, ಇಲ್ವಾ? ಮೊದ್ಲು ಅದ್ನ ಹೇಳು' ಅಂದ್ಲು. 'ಹೋದ್ಲು ಕಣಕ್ಕಾ, ಉಂಡ್ಲು, ಬಾ' ಅಂದೆ."