ಜೋನಿ ಬೆಲ್ಲದ ಬಿಯರ್

ನಾವು ಮೂವರು ಗೆಳತಿಯರು ಈ ಇಳಿವಯಸ್ಸಿನಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತೇವೆ. ಮೊನ್ನೆ ಸಿದ್ದಾಪುರದವಳು ಸೊಸೆಯ ಜೊತೆ ಯಲ್ಲಾಪುರದ ನನ್ನ ಮನೆಗೆ ಬಂದು ತನ್ನ ಬಾಟಲಿ ತೆರೆದು, ಇದಕ್ಕೆ ಜೇನಿನಂತೆ ಸುರಿಯುವ ಜೋನಿ ಬೆಲ್ಲ ಹಾಕಿದ್ದೇನೆ ಎಂದಳು. ಅವಳ ಸೊಸೆಯ ಎದುರೇ ನನ್ನ ಲೆಕ್ಚರ್ ಶುರುವಾಯಿತು.

"ಜರ್ಮನ್ ಬಿಯರ್ ರೂಲ್ ಪ್ರಕಾರ ಮಾಲ್ಟು, ಹಾಪ್ಸು, ಯೀಸ್ಟು, ನೀರು, ಅಷ್ಟೇ. ಇದು ಪ್ಯೂರ್ ಚೀಟಿಂಗ್."

"ಎಂತ ಮಾರಾಯ್ತಿ, ಜರ್ಮನಿಯವ್ರು ಯಲ್ಲಾಪುರದ ಬಸ್ಸು ಹತ್ತಿ ಚೆಕಿಂಗಿಗೆ ಬರ್ತ್ರಾ?" ಎಂದು ಇನ್ನೊಬ್ಬಳು ನಕ್ಕಳು. ಬೆಲ್ಲ ಹಾಕಿದವಳು ಮಾತ್ರ ನಗಲಿಲ್ಲ.

ನನ್ನ ಶುದ್ಧ ಬಿಯರು ನೊರೆಯಿಲ್ಲದೆ ಸಪ್ಪಗಿತ್ತು. ಅವಳದು ಸಿಂಪ್ಲಿ ಲವ್ಲಿ. ರೂಲ್ ಹೇಳುತ್ತ ಹೇಳುತ್ತಲೇ ಖಾಲಿ ಗ್ಲಾಸನ್ನು ಅವಳತ್ತ ಚಾಚಿದ್ದೆ. ಅವಳು ಅದನ್ನು ಮತ್ತೆ ತುಂಬಿದಳು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಕಿವಿ ಬಿಸಿಯಾಯಿತು. ಕಾನ್ವೆಂಟಿನಲ್ಲಿ ಕಲಿತ 'ಸಾರಿ' ಬಾಯಿಗೆ ಬರಲೇ ಇಲ್ಲ.

"ಬೆಲ್ಲ ಎಷ್ಟು ಹಾಕಿದ್ಯೇ?" ಎಂದು ಕೇಳಿದೆ, ಅವಳ ಮುಖ ನೋಡಲಾಗದೆ.