ಸಾಹೇಬರು ಬಂದಾಗಲೆಲ್ಲ ಕಡಿದ ಸಂಪರ್ಕ

ಜನಕಪುರಿಯ ಒಂದು ಕಚೇರಿಯ ಡೇಟಾಬೇಸನ್ನು ಕ್ಲೌಡ್‌ಗೆ ಜೋಡಿಸಿದ್ದೆ. ನಾನೊಬ್ಬನೇ ನೋಡುವಾಗ ಅಂಕಿಗಳು ಸಲೀಸಾಗಿ ಬರುತ್ತಿದ್ದವು. ದೊಡ್ಡ ಸಾಹೇಬರು ಮೀಟಿಂಗ್ ರೂಮಿಗೆ ಕಾಲಿಟ್ಟರೆ ಸಾಕು, ಸಂಪರ್ಕ ಕಡಿದುಹೋಗುತ್ತಿತ್ತು. ಎರಡನೇ ಸಲವೂ ಹಾಗೇ ಆದಾಗ ಅವರು, "ಅಚ್ಛಾ, ಇವತ್ತು ಸರಿಹೋಗದಿದ್ದರೆ ನಿಮ್ಮ ಕಂಪನಿಯೇ ಬೇಡ" ಎಂದುಬಿಟ್ಟರು.

ಡೇಟಾಬೇಸನ್ನೂ ಕ್ಲೌಡನ್ನೂ ಬೆಸೆಯುವ ಕಂಪ್ಯೂಟರ್ ಇದ್ದದ್ದು ಅವರದೇ ಕೋಣೆಯಲ್ಲಿ. ಅಲ್ಲಿಗೆ ಓಡಿದೆ. ಅವರ ಪಿಎ, ಹಾಸನದ ರಾಮಣ್ಣನವರು, ಮೇನ್ ಸ್ವಿಚ್ ಆರಿಸಿ ಬಾಗಿಲು ಹಾಕುತ್ತಿದ್ದರು.

"ಇದೇನ್ರೀ ಮಾಡ್ತಿದ್ದೀರಿ?"

"ಸಾಹೇಬರು ಎದ್ದು ಹೋದ್ರೆ ಕರೆಂಟ್ ತೆಗೀಬೇಕು, ಅವರದ್ದೇ ಆರ್ಡರ್. ಬದಲಾಯಿಸೋದಕ್ಕೆ ಅವರೇ ಸಹಿ ಹಾಕ್ಬೇಕು."

ವಾದಿಸಲು ಹೊತ್ತಿರಲಿಲ್ಲ. ಸಾಹೇಬರನ್ನು ವಾಪಸ್ ಕರೆತಂದು, ಅವರ ಕುರ್ಚಿಯಲ್ಲೇ ಕೂರಿಸಿ, ಕರೆಂಟ್ ಹಾಕಿಸಿ ಅಂಕಿಗಳನ್ನೆಲ್ಲ ತೋರಿಸಿದೆ. ಕ್ಲೌಡ್ ಬಂದರೆ ಎಲ್ಲಿ ಕೂತು ಬೇಕಾದರೂ ನೋಡಬಹುದು ಎಂದು ಅವರಿಗೆ ಭಾಷಣ ಬಿಗಿದಿದ್ದವನೂ ನಾನೇ.